ಬೆನ್ನ ಮೇಲೊಂದು ಕೈ, ಜೊತೆಗೊಂದು ‘ಖೋ’

ಖೋ-ಖೋ ಆಡಿದವರಿಗೆ ಇದು ಗೊತ್ತು. ಎಂಟು ಮಂದಿ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಬ್ಬರ ಮುಖ ಆ ಕಡೆ, ಪಕ್ಕದವರ ಮುಖ ಈ ಕಡೆ. ಹಿಂದಿನಿಂದ ಯಾರೋ ಓಡಿ ಬಂದು ಬೆನ್ನು ಮುಟ್ಟಿ ‘ಖೋ’ ಅನ್ನುತ್ತಾರೆ. ಕೂತವರು ತಟ್ಟನೆ ಎದ್ದು ಓಡಬೇಕು.

ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಸಂಜೆ ಹೊತ್ತು ಈ ಆಟ ನಡೆಯುತ್ತದೆ. ಅಲ್ಲಿಗೆ ಒಬ್ಬ ಹುಡುಗ ಹೊಸದಾಗಿ ಬಂದ. ಹನ್ನೊಂದೋ ಹನ್ನೆರಡೋ ವರ್ಷ ಇರಬಹುದು. ಬೆನ್ನು ಮುಟ್ಟಿದರೆ ಅವನು ಎದ್ದು ಓಡುತ್ತಿರಲಿಲ್ಲ, ತಿರುಗಿ ಹೊಡೆಯುತ್ತಿದ್ದ. ಮೊದಲ ದಿನವೇ ಒಬ್ಬನ ಮೂಗಲ್ಲಿ ರಕ್ತ ಬಂತು. “ಸಾರ್, ಇವನನ್ನ ಆಚೆ ಕಳಿಸಿ” ಅಂತ ಉಳಿದವರ ಗಲಾಟೆ. ಮೇಷ್ಟ್ರು ಮೂಗಿಗೆ ಒದ್ದೆ ಬಟ್ಟೆ ಹಿಡಿದುಕೊಂಡೇ ಇವನ ಕಡೆ ತಿರುಗಿದರು. “ನಾಳೆ ಐದೂವರೆಗೆ ಬಾರಪ್ಪ, ಗೆರೆಗೆ ಸುಣ್ಣ ಹಾಕೋಕೆ ಒಬ್ರು ಬೇಕು” ಅಂದರು. ಅಷ್ಟೇ.

ಆ ಹುಡುಗನ ಮನೆ ಕತೆ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಆದರೆ ಹೊಡೆತ ತಿಂದು ಬೆಳೆದ ಮಕ್ಕಳ ಬಗ್ಗೆ ವಿಜ್ಞಾನಿಗಳು ಸಾಕಷ್ಟು ತಿಳಿದುಕೊಂಡಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೇತ್ ಪೊಲಾಕ್ ಅಂಥ ಮಕ್ಕಳಿಗೆ ಮಸುಕು ಮಸುಕಾದ ಮುಖದ ಚಿತ್ರ ತೋರಿಸಿ, ಅದನ್ನು ಸ್ವಲ್ಪ ಸ್ವಲ್ಪವೇ ಸ್ಪಷ್ಟ ಮಾಡುತ್ತಾ ಹೋದರು. ಚಿತ್ರ ಪೂರ್ತಿ ಮೂಡುವ ಮೊದಲೇ ಈ ಮಕ್ಕಳು ಸಿಟ್ಟಿನ ಮುಖವನ್ನು ಗುರುತಿಸಿಬಿಟ್ಟರು, ಬೇರೆ ಮಕ್ಕಳಿಗಿಂತ ಬೇಗ. ಯೋಚಿಸಿದರೆ ಇದು ಜಾಣತನವೇ ಅಲ್ವಾ? ಅಪ್ಪನ ಹುಬ್ಬು ಗಂಟಿಕ್ಕುವ ಮೊದಲೇ ಬಾಗಿಲ ಹತ್ತಿರ ಸರಿದ ಮಗು ಒಂದು ಏಟು ಕಡಿಮೆ ತಿನ್ನುತ್ತದೆ.

ಮನೆಯಲ್ಲಿ ಕಾಪಾಡಿದ ಈ ಎಚ್ಚರ ಹೊರಗೆ ಬಂದರೂ ಮಲಗುವುದಿಲ್ಲ. ಮಿದುಳಿನಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ವಾಸನೆ ಬಡಿದರೆ ಸಾಕು, ಯೋಚನೆಗೆ ಪುರುಸೊತ್ತು ಕೊಡದೆ ಮೈಯನ್ನು ಹೊಡೆದಾಟಕ್ಕೋ ಓಟಕ್ಕೋ ಸಜ್ಜು ಮಾಡುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಡವಡವ ಅನ್ನುತ್ತದೆ, ಹಿಂದೆಯೇ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಬರುತ್ತದೆ. ಆ ಹೊತ್ತಲ್ಲಿ ಹೇಳಿದ ಬುದ್ಧಿಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ.

ಆಟದಲ್ಲೂ ಎದೆ ಬಡಿದುಕೊಳ್ಳುತ್ತದೆ. ಆದರೆ ಸೀಟಿ ಊದಿದರೆ ಶುರು, ಇನ್ನೊಂದು ಸಲ ಊದಿದರೆ ಮುಗಿಯಿತು. ಮುಟ್ಟುವವನು ‘ಖೋ’ ಅಂತ ಕೂಗಲೇಬೇಕು. ಹೇಳದೆ ಕೇಳದೆ ಬಂದೆರಗುವ ಒತ್ತಡ ಮಗುವನ್ನು ಕುಗ್ಗಿಸುತ್ತದೆ. ಮೊದಲೇ ಗೊತ್ತಿರುವ, ಹಿಡಿತಕ್ಕೆ ಸಿಗುವ, ಮಿತವಾದ ಒತ್ತಡ ತಾಳಿಕೆ ಬೆಳೆಸುತ್ತದೆ ಅನ್ನುತ್ತಾರೆ ಮಕ್ಕಳ ಮನೋವೈದ್ಯ ಬ್ರೂಸ್ ಪೆರಿ. ಆಟದ ಅಂಗಳದಲ್ಲಿ ಸಿಗುವುದು ಇಂಥ ಒತ್ತಡ. ನಮ್ಮ ಮೇಷ್ಟ್ರು ಪೆರಿಯನ್ನು ಓದಿರಲಿಕ್ಕಿಲ್ಲ. ಆದರೂ ಎರಡು ವಾರ ಆ ಹುಡುಗನಿಗೆ ‘ಖೋ’ ಕೊಟ್ಟಿದ್ದು ಅವರೊಬ್ಬರೇ. ಎರಡು ಹೆಜ್ಜೆ ದೂರದಿಂದಲೇ ಹೆಸರು ಹಿಡಿದು ಕೂಗಿ, ಆಮೇಲೆ ಬೆರಳ ತುದಿ ತಾಗಿಸುತ್ತಿದ್ದರು. ನಿಯಮದ ಪ್ರಕಾರ ಅದು ಫೌಲು. ಇರಲಿ.

ಅಂಕಿಗಳನ್ನೂ ನೋಡೋಣ. ಬಾಲ್ಯದಲ್ಲಿ ಹಿಂಸೆ, ನಿರ್ಲಕ್ಷ್ಯ, ಹೆತ್ತವರ ಕುಡಿತ ಇಂಥವನ್ನು ಕಂಡವರ ಬಗ್ಗೆ 2019ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಹೈಸ್ಕೂಲು ವಯಸ್ಸಿನಲ್ಲಿ ತಂಡದ ಆಟ ಆಡಿದವರಲ್ಲಿ ದೊಡ್ಡವರಾದ ಮೇಲೆ ಖಿನ್ನತೆ ಪತ್ತೆಯಾದದ್ದು ಶೇ. 16.8 ಜನರಲ್ಲಿ, ಆಡದವರಲ್ಲಿ ಶೇ. 22ರಷ್ಟು. ಆತಂಕದ ಕಾಯಿಲೆ ಶೇ. 11.8 ಮತ್ತು 16.8. ಆಟವೇ ಇದಕ್ಕೆ ಕಾರಣ ಅಂತ ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ಸ್ವಲ್ಪ ಗಟ್ಟಿ ಮನಸ್ಸಿನ ಮಕ್ಕಳೇ ತಂಡಕ್ಕೆ ಸೇರಿರಬಹುದು. ಸೋತರೆ ಎಲ್ಲರ ಮುಂದೆ ಮಾನ ಕಳೆಯುವ ಕೋಚ್ ಸಿಕ್ಕಿದರಂತೂ ಮೈದಾನವೂ ಇನ್ನೊಂದು ಮನೆಯಾಗುತ್ತದೆ, ಬೇಡದ ಅರ್ಥದಲ್ಲಿ.

ನನಗೆ ಆಟಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಆ ಐದೂವರೆ ಗಂಟೆ. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಟ್ಟಲೆ ಗಮನಿಸಿದರು. ಬಡತನ, ಮನೆಜಗಳ, ಕಾಯಿಲೆ ಎಲ್ಲ ಒಟ್ಟಿಗೆ ಹೊತ್ತ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದರು. ಅಂಥವರ ಬದುಕಿನಲ್ಲಿ ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ, ಕೈಬಿಡದ ಒಬ್ಬರು ಇದ್ದದ್ದು ಮತ್ತೆ ಮತ್ತೆ ಕಂಡುಬಂತು.

ಕೈಬಿಟ್ಟರೆ ಏನಾಗುತ್ತದೆ? ಮಕ್ಕಳಿಗೆ ಹಿರಿಯ ಗೆಳೆಯರನ್ನು ಜೊತೆ ಮಾಡಿಕೊಡುವ ಅಮೆರಿಕದ ಒಂದು ಕಾರ್ಯಕ್ರಮವನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಪರಿಶೀಲಿಸಿ 2002ರಲ್ಲಿ ವರದಿ ಮಾಡಿದರು. ನಂಟು ಒಂದು ವರ್ಷ ದಾಟಿದ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಲಾಭ. ಮೂರು ತಿಂಗಳೊಳಗೆ ಮುರಿದುಬಿದ್ದರೆ, ತಮ್ಮ ಬಗ್ಗೆ ಮಕ್ಕಳಿಗಿದ್ದ ಅಭಿಮಾನವೇ ಮೊದಲಿಗಿಂತ ಕುಸಿದಿತ್ತು. ಬೇಸಿಗೆ ರಜೆಯಲ್ಲಿ ಹದಿನೈದು ದಿನ ಸೇವೆ ಮಾಡಿ, ಫೋಟೋ ಹಾಕಿ ಮಾಯವಾಗುವ ನಮ್ಮಂಥವರು ಇದನ್ನು ಸುಮ್ನೆ ಓದಿ ಬಿಡುವ ಹಾಗಿಲ್ಲ.

ಹುಡುಗ ಈಗಲೂ ಬರುತ್ತಾನೆ. ಅವನಿಗೆ ಈಗ ಎಲ್ಲರೂ ‘ಖೋ’ ಕೊಡುತ್ತಾರೆ. ಎದ್ದವನೇ ಒಂದರೆಕ್ಷಣ ಹಿಂದೆ ತಿರುಗಿ ನೋಡುತ್ತಾನೆ, ಯಾರು ಮುಟ್ಟಿದ್ದು ಅಂತ. ಅಷ್ಟರಲ್ಲಿ ಎದುರು ತಂಡದವನು ಕಂಬ ದಾಟಿರುತ್ತಾನೆ. “ಎಲ್ಲಿ ನೋಡ್ತಿದೀಯೋ, ಓಡೋ ಲೇ!” ಅಂತ ಜೊತೆಯವರು ಬೈಯುತ್ತಾರೆ, ಬೇರೆಯವರನ್ನು ಬೈದ ಹಾಗೇ.