ಫ್ರಾನ್ಸಿನ ಹಳ್ಳಿ ಚರ್ಚುಗಳ ಒಳಗೋಡೆ ಮೊದಲಿಂದಲೂ ಬರೀ ಕಲ್ಲೇ?

ಓದುಗರ ಪ್ರಶ್ನೆ: ಫ್ರಾನ್ಸಿನ ಹಳ್ಳಿಗಳ ಹಳೇ ಚರ್ಚುಗಳ ಫೋಟೋ ನೋಡಿದರೆ ಒಳಗೆಲ್ಲ ಬೋಳು ಕಲ್ಲು. ಕಟ್ಟಿದಾಗಲೂ ಹೀಗೇ ಇದ್ದವಾ?

ಇಲ್ಲ. ಹೆಚ್ಚಿನ ಕಡೆ ಗೋಡೆಗೆ ಗಾರೆ ಮೆತ್ತಿ, ಸುಣ್ಣ ಹೊಡೆದು, ಮೇಲೆ ಬಣ್ಣ ಹಚ್ಚಿರುತ್ತಿದ್ದರು. ಈಗ ಕಾಣುವ ಬೋಳು ಕಲ್ಲು ಬಹುಪಾಲು 19 ಮತ್ತು 20ನೇ ಶತಮಾನದ ರಿಪೇರಿಯ ಫಲ. ಕಲ್ಲು ಕಂಡರೇನೇ ಹಳೇ ಕಾಲದ್ದು ಅನ್ನಿಸುತ್ತೆ ಅಂತ ಗಾರೆಯನ್ನು ಕೆರೆದು ಹಾಕಿದರು. ಅದರ ಜೊತೆ ಎಷ್ಟು ಚಿತ್ರಗಳು ಪುಡಿಯಾಗಿ ಹೋದವೋ!

ಉಳಿದುಕೊಂಡದ್ದನ್ನು ನೋಡಬೇಕೆಂದರೆ ಮಧ್ಯ ಫ್ರಾನ್ಸಿನ ಬೆರ್ರಿ ಸೀಮೆಯ ವಿಕ್ ಎಂಬ ಹಳ್ಳಿಗೆ ಹೋಗಬೇಕು. ಅಲ್ಲಿನ ಸೇಂಟ್ ಮಾರ್ಟಿನ್ ಚರ್ಚ್ ಹೊರಗಿನಿಂದ ತೀರಾ ಸಾದಾ. ಜನ ಕೂರುವ ಒಂದು ಉದ್ದನೆ ಹಜಾರ, ಅದರಾಚೆ ಚೌಕದ ಗರ್ಭಭಾಗ, ಕೊನೆಗೆ ಅರೆವೃತ್ತದ ಗೋಡೆ. ಅಷ್ಟೇ. ದಪ್ಪ ಗೋಡೆ, ಪುಟ್ಟ ಕಿಟಕಿ. ಭಾರವೆಲ್ಲ ಗೋಡೆಯೇ ಹೊರಬೇಕಾಗಿದ್ದ ರೊಮಾನೆಸ್ಕ್ ಶೈಲಿಯ ಕಾಲದಲ್ಲಿ (ಸುಮಾರು 11-12ನೇ ಶತಮಾನ) ದೊಡ್ಡ ಕಿಟಕಿ ಕೊರೆಯಲು ಧೈರ್ಯ ಸಾಲುತ್ತಿರಲಿಲ್ಲ. ಹಾಗಾಗಿ ಚಿತ್ರ ಬರೆಯುವವನಿಗೆ ಬೇಕಾದಷ್ಟು ಜಾಗ! ಮುಂದೆ ಗೋಥಿಕ್ ಶೈಲಿ ಬಂದು ಕಿಟಕಿಗಳು ಗೋಡೆಯನ್ನೇ ನುಂಗಿದಾಗ ಬಣ್ಣದ ಕಥೆಗಳು ಗಾಜಿಗೆ ಹಾರಿದವು.

ವಿಕ್‌ನಲ್ಲಿ ಗರ್ಭಭಾಗದ ಗೋಡೆಗಳೆಲ್ಲ 12ನೇ ಶತಮಾನದ ಚಿತ್ರಗಳು. ಕೆಂಪು, ಹಳದಿ ಕಾವಿಮಣ್ಣಿನ ಬಣ್ಣಗಳೇ ಜಾಸ್ತಿ. ಯೇಸುವಿನ ಕಡೆಯ ಊಟ ಇದೆ, ಶಿಷ್ಯ ಜೂದಾಸ ಮುತ್ತಿಟ್ಟು ಯೇಸುವನ್ನು ಹಿಡಿದುಕೊಟ್ಟ ದೃಶ್ಯ ಇದೆ. ನನಗೆ ಇಷ್ಟವಾಗುವುದು ಮಾತ್ರ ಹೆಣ ಕದಿಯುವ ಚಿತ್ರ. ಸಂತ ಮಾರ್ಟಿನ್ 397ರಲ್ಲಿ ಕಾಂದ್ ಎಂಬಲ್ಲಿ ತೀರಿಕೊಂಡ. ಅವನು ನಮ್ಮ ಸನ್ಯಾಸಿ ಎಂದು ಪ್ವಾತಿಯೆ ಊರಿನವರು, ನಮ್ಮ ಬಿಷಪ್ ಎಂದು ತೂರ್ ಊರಿನವರು ದೇಹಕ್ಕಾಗಿ ಜಗಳಕ್ಕೆ ನಿಂತರಂತೆ. ರಾತ್ರಿ ಪ್ವಾತಿಯೆಯವರಿಗೆ ನಿದ್ದೆ ಹತ್ತಿತು. ತೂರ್‌ನವರು ದೇಹವನ್ನು ಕಿಟಕಿಯಿಂದ ಆಚೆ ದಾಟಿಸಿ, ದೋಣಿಗೆ ಹಾಕಿಕೊಂಡು ಹೊರಟೇಬಿಟ್ಟರು. ಸಂತನ ಹೆಸರಿನ ಚರ್ಚಿನಲ್ಲೇ ಈ ಕಳ್ಳತನವನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ!

ಈ ಚಿತ್ರಗಳು ಉಳಿದದ್ದು ಮುಂದೊಮ್ಮೆ ಅವುಗಳ ಮೇಲೆ ಬಳಿದ ಸುಣ್ಣದ ಪುಣ್ಯದಿಂದ. 1849ರಲ್ಲಿ ಊರಿನ ಪಾದ್ರಿ ಸುಣ್ಣದಡಿಯಲ್ಲಿ ಚಿತ್ರ ಇರುವುದನ್ನು ಕಂಡುಕೊಂಡರು. ಪಕ್ಕದ ನೊಹಾಂಟ್‌ನಲ್ಲೇ ಲೇಖಕಿ ಜಾರ್ಜ್ ಸ್ಯಾಂಡ್ ಅವರ ಮನೆ (ಹೆಸರು ಗಂಡಸಿನದು, ಬರೆದವರು ಹೆಂಗಸು). ಸ್ಮಾರಕಗಳ ಮೇಲ್ವಿಚಾರಣೆ ನೋಡುತ್ತಿದ್ದ ಪ್ರೊಸ್ಪೆರ್ ಮೆರಿಮೆಯವರಿಗೆ ವಿಷಯ ಮುಟ್ಟುವಂತೆ ಆಕೆ ನೋಡಿಕೊಂಡರು. 1850ರಲ್ಲಿ ಚರ್ಚ್ ರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿತು. ಹಳ್ಳಿಯ ಪುಟ್ಟ ಕಟ್ಟಡಕ್ಕೆ ಸರ್ಕಾರ ಇಷ್ಟು ಬೇಗ ಓಗೊಟ್ಟಿದ್ದು, ವಶೀಲಿ ಇದ್ದದ್ದಕ್ಕೇ ಅಲ್ವಾ?

ಎಲ್ಲ ಹಳ್ಳಿಗೂ ಇಂಥ ಚಿತ್ರಕಾರರನ್ನು ಕರೆಸುವ ಶಕ್ತಿ ಇರಲಿಲ್ಲ. ಬಡ ಚರ್ಚುಗಳಲ್ಲಿ ಒರಟು ಕಲ್ಲಿನ ಗೋಡೆಗೆ ಗಾರೆ ಬಳಿದು, ಅದರ ಮೇಲೆ ಕೆಂಪು ಗೆರೆ ಎಳೆದು, ಚೊಕ್ಕವಾಗಿ ಕಡೆದ ಕಲ್ಲು ಜೋಡಿಸಿದಂತೆ ಕಾಣಿಸುತ್ತಿದ್ದರು. ಸುಳ್ಳು ಕಲ್ಲು! ಅದನ್ನು ಕೆರೆದು ತೆಗೆದು, ಒಳಗಿನ ಒರಟು ಕಲ್ಲನ್ನೇ ಅಸಲಿ ಎಂದು ತೋರಿಸುತ್ತಿರುವುದು ನಂತರದವರ ಕೆಲಸ.

ನೀವು ಹೋದಾಗ ಕಿಟಕಿಯ ಅಂಚು ನೋಡಿ. ಅಂಚಿನ ಕಡೆದ ಕಲ್ಲು ಸುತ್ತಲಿನ ಗೋಡೆಗಿಂತ ಒಂದೆರಡು ಬೆರಳು ಮುಂದೆ ಚಾಚಿದ್ದರೆ, ಅಷ್ಟು ದಪ್ಪದ ಗಾರೆ ಅಲ್ಲಿಂದ ಹೋಗಿರುವ ಸಾಧ್ಯತೆ ಜಾಸ್ತಿ. ಕಮಾನಿನ ಒಳಮೈ, ಮೂಲೆಗಳನ್ನೂ ಬಿಡಬೇಡಿ. ಕೆರೆಯುವವರ ಉಳಿ ಅಲ್ಲಿಗೆ ಸರಿಯಾಗಿ ತಲುಪಿರುವುದಿಲ್ಲ.