ಕರೆಂಟು ಹೋದಾಗ ನೀರು ಎಲ್ಲಿ ನಿಲ್ಲುತ್ತದೆ? ದೊಡ್ಡ ಹವಳದ ತೊಟ್ಟಿಯ ಸಂಪ್ ಮತ್ತು ರೆಫ್ಯೂಜಿಯಂ

ಕಾರವಾರ, ಅಂಕೋಲಾ, ಕುಮಟಾ ಕಡೆಗಳಿಂದ ಮನೆಯಲ್ಲಿ ಉಪ್ಪುನೀರಿನ ಮೀನು, ಹವಳ ಸಾಕಲು ದೊಡ್ಡ ಹವಳದ ತೊಟ್ಟಿ ಕಟ್ಟಿಸಬೇಕೆಂದು ಬರುವವರು ಸಾಮಾನ್ಯವಾಗಿ ಮೊದಲು ದೀಪದ ಮಾತೆತ್ತುತ್ತಾರೆ, ಆಮೇಲೆ ಮೀನಿನ ಪಟ್ಟಿ ತೆಗೆಯುತ್ತಾರೆ. ನಾನು ಅವರನ್ನು ಕೇಳುವ ಮೊದಲ ಪ್ರಶ್ನೆ ಬೇರೆ. ಜೂನ್, ಜುಲೈ ತಿಂಗಳಲ್ಲಿ ನಿಮ್ಮ ಓಣಿಯಲ್ಲಿ ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ? ತೊಟ್ಟಿಗೂ ಈ ಪ್ರಶ್ನೆಗೂ ಏನು ಸಂಬಂಧವೆಂದು ಹಲವರು ಹುಬ್ಬೇರಿಸುತ್ತಾರೆ. ಸಂಪಿನ ಅಳತೆಯ ಬಹುಪಾಲು ಕರೆಂಟು ಹೋದಾಗ ಇಳಿದು ಬರುವ ನೀರಿನ ಲೆಕ್ಕದಿಂದಲೇ ಹುಟ್ಟುತ್ತದೆ.

ನಮ್ಮಲ್ಲಿ ಸಂಪ್ ಎಂದರೆ ಅಂಗಳದ ಅಡಿಯಲ್ಲಿರುವ ನೀರಿನ ಟ್ಯಾಂಕು ಎಂದೇ ರೂಢಿ. ಇಲ್ಲಿ ಹೇಳುತ್ತಿರುವುದು ಹವಳದ ತೊಟ್ಟಿಯ ಕೆಳಗೆ, ಸ್ಟ್ಯಾಂಡಿನ ಒಳಗೆ ಇಡುವ ಇನ್ನೊಂದು ಗಾಜಿನ ತೊಟ್ಟಿಯನ್ನು. ಮೇಲಿನ ತೊಟ್ಟಿಯ ನೀರು ಒಂದು ಅಂಚನ್ನು ದಾಟಿ ಕೊಳವೆಯ ಮೂಲಕ ತಾನಾಗಿ ಕೆಳಗಿಳಿಯುತ್ತದೆ, ಸಂಪಿನ ಕೋಣೆಗಳನ್ನು ಹಾದು ಶುದ್ಧವಾಗುತ್ತದೆ, ಕೊನೆಯ ಕೋಣೆಯ ರಿಟರ್ನ್ ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಈ ಕೋಣೆಗಳಲ್ಲಿ ಒಂದರಲ್ಲಿ ಪಾಚಿಯನ್ನೂ ಸಣ್ಣ ಜೀವಿಗಳನ್ನೂ ಮೀನುಗಳ ಬಾಯಿಗೆ ಸಿಗದಂತೆ ಬೆಳೆಸಿದರೆ ಅದು ರೆಫ್ಯೂಜಿಯಂ ಎನಿಸಿಕೊಳ್ಳುತ್ತದೆ.

ಒಂದು ಉದಾಹರಣೆಯನ್ನು ಹಿಡಿದು ಲೆಕ್ಕ ಹಾಕೋಣ. ಮೇಲಿನ ತೊಟ್ಟಿಯ ಉದ್ದ 240 ಸೆಂಟಿಮೀಟರ್, ಅಗಲ 75, ಎತ್ತರ 70 ಎಂದಿಟ್ಟುಕೊಳ್ಳಿ. ಪೂರ್ತಿ ತುಂಬಿದರೆ 1260 ಲೀಟರ್. ನೀರಿನ ಮೇಲ್ಮೈ 1.8 ಚದರ ಮೀಟರ್. ಅಂದರೆ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 18 ಲೀಟರ್ ಕೆಳಗೆ ಬಂದಂತೆ. ಪಂಪ್ ನಿಂತ ಕೂಡಲೇ ಓವರ್‌ಫ್ಲೋ ಅಂಚಿನ ಮೇಲಿದ್ದ ನೀರೂ, ರಿಟರ್ನ್ ಕೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೆ ಸೈಫನ್ನಿನಿಂದ ಹಿಂದಕ್ಕೆ ಹರಿಯುವ ನೀರೂ ಸೇರಿ ಮೂರು ಸೆಂಟಿಮೀಟರ್ ಇಳಿದರೆ 54 ಲೀಟರ್. ಕೊಳವೆಗಳು ಮತ್ತು ಓವರ್‌ಫ್ಲೋ ಪೆಟ್ಟಿಗೆಯಲ್ಲಿದ್ದ ಸುಮಾರು 20 ಲೀಟರನ್ನೂ ಸೇರಿಸಿ 75 ಲೀಟರ್ ಎನ್ನೋಣ. ಕೆಳಗಿನ ಸಂಪ್ 150 ಸೆಂಟಿಮೀಟರ್ ಉದ್ದ, 60 ಅಗಲ, 45 ಎತ್ತರದ್ದಾಗಿದ್ದು, ಪಂಪ್ ಓಡುವಾಗ ಅದರಲ್ಲಿ 25 ಸೆಂಟಿಮೀಟರ್ ನೀರಿದ್ದರೆ, ಈ 75 ಲೀಟರ್ ಬಂದಾಗ ಮಟ್ಟ ಎಂಟು ಸೆಂಟಿಮೀಟರಿಗಿಂತ ತುಸು ಹೆಚ್ಚು ಏರಿ 33ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೇಲೆ ಇನ್ನೂ ಹನ್ನೆರಡು ಸೆಂಟಿಮೀಟರ್ ಖಾಲಿ. ಸಂಪಿನ ಈ ಖಾಲಿ ಜಾಗವನ್ನು ಗಿರಾಕಿಗಳು ವ್ಯರ್ಥವೆಂದು ತಿಳಿದು ಅಲ್ಲಿಯವರೆಗೂ ನೀರು ತುಂಬಿಸಿಬಿಡುತ್ತಾರೆ. ಮೊದಲ ಮಳೆಗೆ ಮನೆಯ ನೆಲವೆಲ್ಲ ಉಪ್ಪುನೀರು.

ರಿಟರ್ನ್ ಕೊಳವೆಯ ಬಾಯಿ ನೀರಿನಿಂದ ಎಷ್ಟು ಕೆಳಗಿದೆ ಎಂಬುದರ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಅದು ಹದಿನೈದು ಸೆಂಟಿಮೀಟರ್ ಆಳದಲ್ಲಿದ್ದರೆ ಇಳಿದು ಬರುವ ನೀರು 270 ಲೀಟರ್, ಸಂಪಿನಲ್ಲಿರುವ ಖಾಲಿ ಜಾಗ 180 ಲೀಟರ್. ಈ ವೃತ್ತಿಗಿಳಿದ ಹೊಸತರಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಕೊಳವೆಯನ್ನು ಆಳಕ್ಕಿಳಿಸಿ, ಸೈಫನ್ ಮುರಿಯಲೆಂದು ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಸಣ್ಣ ತೂತು ಕೊರೆದು, ಕೆಲಸ ಮುಗಿಯಿತೆಂದು ಹೊರಟುಬಂದಿದ್ದೆ. ಕೆಲವೇ ತಿಂಗಳಲ್ಲಿ ಆ ತೂತಿನ ಬಾಯಿಯನ್ನು ನೇರಳೆ ಬಣ್ಣದ ಸುಣ್ಣಪಾಚಿ ಮುಚ್ಚಿತ್ತು. ಆಷಾಢದ ಒಂದು ರಾತ್ರಿ ಕರೆಂಟು ಹೋದಾಗ ಆ ಮನೆಯವರು ಎದ್ದು ಕಾಲಿಟ್ಟದ್ದು ನೀರಿಗೆ. ಅಂದಿನಿಂದ ನಾನು ತೂತನ್ನೂ ನಂಬುವುದಿಲ್ಲ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವನ್ನೂ ನಂಬುವುದಿಲ್ಲ. ವಾಲ್ವಿನ ಬಾಗಿಲಿನ ಅಂಚಿಗೆ ಸುಣ್ಣದ ಕೊಳವೆಹುಳುಗಳು ಅಂಟಿಕೊಂಡರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕೊಳವೆಯ ಬಾಯಿಯನ್ನು ನೀರಿನ ಮಟ್ಟದಿಂದ ಎರಡು ಸೆಂಟಿಮೀಟರಿಗಿಂತ ಕೆಳಗಿಡದಿರುವುದೊಂದೇ ಭರವಸೆಯ ದಾರಿ.

ಇದರ ಇನ್ನೊಂದು ಮಗ್ಗುಲನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕರೆಂಟು ಇದ್ದಾಗಲೇ ಇಳಿಯುವ ಕೊಳವೆಗೆ ಬಸವನಹುಳುವೋ ಪಾಚಿಯ ಮುದ್ದೆಯೋ ಸಿಕ್ಕಿಕೊಂಡರೆ, ಪಂಪ್ ತನ್ನ ಕೋಣೆಯಲ್ಲಿರುವ ನೀರನ್ನೆಲ್ಲ ಮೇಲಕ್ಕೆ ತಳ್ಳುತ್ತಲೇ ಹೋಗುತ್ತದೆ. ರಿಟರ್ನ್ ಕೋಣೆ 30 ಸೆಂಟಿಮೀಟರ್ ಉದ್ದವಿದ್ದರೆ ಪ್ರತಿ ಸೆಂಟಿಮೀಟರಿಗೆ 1.8 ಲೀಟರ್, ಪಂಪಿನ ಬಾಯಿಯವರೆಗೆ ಹದಿನೈದು ಸೆಂಟಿಮೀಟರ್ ಇಳಿದರೆ 27 ಲೀಟರ್, ಮೇಲಿನ ತೊಟ್ಟಿಯಲ್ಲಿ ಅದು ಒಂದೂವರೆ ಸೆಂಟಿಮೀಟರ್ ಏರಿಕೆಯಾಗುತ್ತದೆ. ಅಷ್ಟು ಜಾಗ ಮೇಲೆ ಇರಲೇಬೇಕು. ಆದ್ದರಿಂದ ರಿಟರ್ನ್ ಕೋಣೆಯನ್ನು ದೊಡ್ಡದು ಮಾಡಿದಷ್ಟೂ ಒಳ್ಳೆಯದೆನ್ನುವಂತಿಲ್ಲ. ಹಾಗೆಂದು ತೀರಾ ಚಿಕ್ಕದು ಮಾಡಿದರೂ ಕಷ್ಟ, ಏಕೆಂದರೆ ಆವಿಯಾಗುವ ನೀರಿನ ಇಳಿತವೆಲ್ಲ ಈ ಒಂದು ಕೋಣೆಯಲ್ಲೇ ಕಾಣಿಸುತ್ತದೆ. ಉಳಿದ ಕೋಣೆಗಳ ಮಟ್ಟವನ್ನು ಅಡ್ಡಗಾಜುಗಳು ಹಿಡಿದಿಡುತ್ತವೆ. ಬೇಸಿಗೆಯಲ್ಲಿ ದಿನಕ್ಕೆ ಹದಿಮೂರು ಲೀಟರ್ ಆರಿದರೆ ಅಲ್ಲಿ ಏಳು ಸೆಂಟಿಮೀಟರ್ ಇಳಿಯುತ್ತದೆ, ಎರಡನೆಯ ದಿನಕ್ಕೆ ಪಂಪ್ ಗಾಳಿ ಕುಡಿಯತೊಡಗುತ್ತದೆ.

ಆ ಇಳಿತವನ್ನು ತುಂಬಲು ಫ್ಲೋಟಿನಿಂದ ನಡೆಯುವ ಸಿಹಿನೀರಿನ ವ್ಯವಸ್ಥೆಯನ್ನು ಜೋಡಿಸುತ್ತೇವೆ. ಫ್ಲೋಟ್ ಒಂದಲ್ಲ ಒಂದು ದಿನ ಸಿಕ್ಕಿಕೊಳ್ಳುತ್ತದೆ ಎಂದೇ ಎಣಿಸಿ ಸಿಹಿನೀರಿನ ಡಬ್ಬಿಯ ಗಾತ್ರವನ್ನು ಗೊತ್ತುಮಾಡಬೇಕು. ಒಟ್ಟು 1300 ಲೀಟರ್ ನೀರಿಗೆ 25 ಲೀಟರ್ ಸಿಹಿನೀರು ಒಮ್ಮೆಲೇ ಸುರಿದರೂ ಉಪ್ಪಿನಂಶ ಸಾವಿರಕ್ಕೆ 35ರಿಂದ 34.3ಕ್ಕೆ ಇಳಿಯುತ್ತದೆ, ಹವಳ ತಾಳಿಕೊಳ್ಳುತ್ತದೆ. ಅನುಕೂಲವೆಂದು 200 ಲೀಟರಿನ ಡ್ರಮ್ಮನ್ನೇ ಜೋಡಿಸಿದರೆ ಅದು 30ರ ಹತ್ತಿರಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಸಂಪೂ ಉಕ್ಕಿರುತ್ತದೆ. ಇನ್ನು ಬಾವಿಯ ನೀರನ್ನು ಹಾಗೇ ಹಾಕಬಹುದೇ ಎಂದು ಕೇಳುವವರಿದ್ದಾರೆ. ಕುಡಿಯಲು ಎಷ್ಟೇ ರುಚಿಯಾಗಿದ್ದರೂ ಅದರಲ್ಲಿ ಕರಗಿದ ಖನಿಜಗಳಿರುತ್ತವೆ, ತೋಟದ ಗೊಬ್ಬರದ ನೈಟ್ರೇಟ್ ಇರಬಹುದು. ನೀರು ಆವಿಯಾಗುತ್ತದೆಯೇ ಹೊರತು ಇವು ಆವಿಯಾಗುವುದಿಲ್ಲ, ವರ್ಷವಿಡೀ ತೊಟ್ಟಿಯಲ್ಲಿ ಕೂಡುತ್ತ ಹೋಗುತ್ತವೆ. ಆರ್‌ಒ ಮತ್ತು ಡಿಐ (ಉಳಿದ ಖನಿಜಗಳನ್ನೂ ತೆಗೆಯುವ ರಾಳದ ಸೋಸುಕ) ಎರಡನ್ನೂ ದಾಟಿದ ನೀರೇ ಬೇಕು.

ಇಳಿಯುವ ಕೊಳವೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಇಷ್ಟು ದೊಡ್ಡ ತೊಟ್ಟಿಗೆ ಮೂರು ಕೊಳವೆ ಬೇಕು. ಮೊದಲನೆಯದು ಗೇಟ್ ವಾಲ್ವಿನಿಂದ ಹದಗೊಳಿಸಿದ ಪೂರ್ಣ ಸೈಫನ್; ಗಾಳಿಯಿಲ್ಲದೆ ತುಂಬಿ ಹರಿಯುವುದರಿಂದ ಸದ್ದಿಲ್ಲ. ಎರಡನೆಯದರಲ್ಲಿ ಉಳಿದ ಅಲ್ಪ ನೀರು ತೆಳುವಾಗಿ ಇಳಿಯುತ್ತದೆ. ಮೂರನೆಯದು ಸದಾ ಒಣಗಿರಬೇಕು. ಮೊದಲೆರಡು ಕೈಕೊಟ್ಟ ದಿನ ಮಾತ್ರ ಅದಕ್ಕೆ ಕೆಲಸ. ಅದರಲ್ಲಿ ನೀರು ಬಿದ್ದ ಸದ್ದು ಕೇಳಿದರೆ ಮನೆಯವರಿಗೆ ಅದೇ ಎಚ್ಚರಿಕೆಯ ಗಂಟೆ. ಈ ಮೂರಕ್ಕೂ ಪಿವಿಸಿ ಸಾಕು. ಹಿತ್ತಾಳೆಯ ನಲ್ಲಿಯಾಗಲಿ ಜೋಡಣೆಯಾಗಲಿ ಎಲ್ಲಿಯೂ ನೀರಿಗೆ ತಾಗಕೂಡದು, ತಾಮ್ರದ ಅತ್ಯಲ್ಪ ಅಂಶವೂ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ.

ಸಂಪಿನ 150 ಸೆಂಟಿಮೀಟರನ್ನು ನಾನು ಹಂಚುವುದು ಹೀಗೆ: ನೀರಿನ ಕೊಳೆಯನ್ನು ಗುಳ್ಳೆಗಳಿಂದ ನೊರೆಯಾಗಿ ತೆಗೆಯುವ ಸ್ಕಿಮ್ಮರಿಗೆ 45, ರೆಫ್ಯೂಜಿಯಂಗೆ 60, ಗುಳ್ಳೆ ತಡೆಯುವ ಅಡ್ಡಗಾಜುಗಳಿಗೆ 15, ರಿಟರ್ನಿಗೆ 30. ಸ್ಕಿಮ್ಮರ್ ಕೆಲಸ ಮಾಡುವುದು ನೀರಿನ ಆಳ ಒಂದೇ ಸಮನಾಗಿದ್ದರೆ ಮಾತ್ರ, ಹಾಗಾಗಿ ಅದರ ತಯಾರಕರು ಹೇಳಿದ ಆಳಕ್ಕೆ ಮೊದಲ ಅಡ್ಡಗಾಜಿನ ಎತ್ತರವನ್ನು ಹೊಂದಿಸಬೇಕು. ಗುಳ್ಳೆ ತಡೆಯುವ ಗಾಜುಗಳ ನಡುವಿನ ಅಂತರವನ್ನು ಕಡಿಮೆ ಮಾಡಿದಷ್ಟೂ ಒಳ್ಳೆಯದೆಂಬ ತಪ್ಪು ತಿಳಿವಳಿಕೆ ಗಾಜಿನ ಕೆಲಸದವರಲ್ಲೂ ಇದೆ. ಗಂಟೆಗೆ 5000 ಲೀಟರ್ ಹರಿಯುವಾಗ ಎರಡೂವರೆ ಸೆಂಟಿಮೀಟರ್ ಸಂದಿಯಲ್ಲಿ ನೀರು ಸೆಕೆಂಡಿಗೆ ಒಂಬತ್ತು ಸೆಂಟಿಮೀಟರಿಗೂ ಮಿಕ್ಕಿದ ವೇಗದಲ್ಲಿ ಕೆಳಗೆ ನುಗ್ಗಿ ಸಣ್ಣ ಗುಳ್ಳೆಗಳನ್ನು ತನ್ನೊಡನೆ ಎಳೆದೊಯ್ಯುತ್ತದೆ. ಸಂದಿಯನ್ನು ಐದು ಸೆಂಟಿಮೀಟರ್ ಮಾಡಿದರೆ ವೇಗ ಅರ್ಧವಾಗಿ ಗುಳ್ಳೆಗೆ ಮೇಲೇರಲು ಸಮಯ ಸಿಗುತ್ತದೆ. ಸ್ಟ್ಯಾಂಡಿನ ಒಳ ಎತ್ತರವನ್ನೂ ಆಗಲೇ ಅಳೆಯಿರಿ. ಮೇಲಿನ ತೊಟ್ಟಿ ಕೂರಿಸುವ ಮೊದಲು ಒಳಗಿಟ್ಟ ಸ್ಕಿಮ್ಮರಿನ ಕಪ್ಪನ್ನು ಆಮೇಲೆ ಎತ್ತಲಾಗದೆ ಪರದಾಡಿದವರನ್ನು ನೋಡಿದ್ದೇನೆ. ಸ್ಟ್ಯಾಂಡ್ ಕಬ್ಬಿಣದ್ದಾದರೆ ನಮ್ಮ ಕಡಲಗಾಳಿಗೆ ಹೊರಗಿನಿಂದಲೂ, ಉಪ್ಪಿನ ಹನಿಗೆ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಜಾಗವಿದ್ದಲ್ಲಿ ಚಿರೆಕಲ್ಲಿನ ಎರಡು ಗೋಡೆ ಕಟ್ಟಿ, ಗಿಲಾವು ಮಾಡಿ, ಮೇಲೆ ಕಾಂಕ್ರೀಟ್ ಹಲಗೆ ಹಾಕಿಸುವುದು ನನಗೆ ಇಷ್ಟ.

ಈಗ ರೆಫ್ಯೂಜಿಯಂ. ಅಘನಾಶಿನಿ ಅಳಿವೆಯ ಗಜನಿಗಳನ್ನು, ಅಂದರೆ ಉಪ್ಪುನೀರಿನ ಗದ್ದೆಗಳನ್ನು, ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಡ್ಡಿನ ಬಾಗಿಲಿನಿಂದ ಭರತದ ನೀರು ಒಳಬರುತ್ತದೆ, ಇಳಿತಕ್ಕೆ ಹೊರಹೋಗುತ್ತದೆ. ಹೊಳೆ ಹೊತ್ತು ತಂದ ಗೊಬ್ಬರ ಕಗ್ಗ ಭತ್ತಕ್ಕೆ ಸಿಗುತ್ತದೆ. ದೊಡ್ಡ ಮೀನುಗಳ ಕಾಟ ಕಡಿಮೆಯಿರುವ ಆ ಆಳವಿಲ್ಲದ ನೀರಿನಲ್ಲಿ ಶೆಟ್ಲಿ (ಸಿಗಡಿ) ಮರಿಗಳು ಬೆಳೆಯುತ್ತವೆ. ಸಂಪಿನ ಆ 60 ಸೆಂಟಿಮೀಟರ್ ಕೋಣೆಯಲ್ಲಿ ಮೀನಿನ ಹೇಲು, ಮಿಕ್ಕಿದ ತಿಂಡಿಯಿಂದ ಹುಟ್ಟಿದ ನೈಟ್ರೇಟ್ ಮತ್ತು ಫಾಸ್ಫೇಟನ್ನು ಪಾಚಿ ಹೀರಿಕೊಳ್ಳುತ್ತದೆ. ಅದರ ಎಳೆಗಳ ನಡುವೆ ಸಿಗಡಿಯ ಬಳಗದ ಪುಟ್ಟ ಜೀವಿಗಳಾದ ಕೋಪಿಪಾಡ್, ಆಂಫಿಪಾಡ್‌ಗಳು ಹೆಚ್ಚಿ, ನೀರಿನೊಂದಿಗೆ ಮೇಲೇರಿ ಮೀನು ಮತ್ತು ಹವಳಗಳಿಗೆ ಆಹಾರವಾಗುತ್ತವೆ.

ಆದರೆ ಗಜನಿಯಲ್ಲಿ ಕೊಯ್ಲು ಇರುವಂತೆ ಇಲ್ಲಿಯೂ ಇರಬೇಕು. ಪಾಚಿ ಬೆಳೆದ ಮಾತ್ರಕ್ಕೆ ಪೋಷಕಾಂಶ ತೊಟ್ಟಿಯಿಂದ ಹೊರಹೋಗಿರುವುದಿಲ್ಲ, ಪಾಚಿಯ ಮೈಯಲ್ಲಿ ಕೂತಿರುತ್ತದೆ ಅಷ್ಟೆ. ಕಿತ್ತು ಹೊರಗೆ ಹಾಕಿದ ದಿನ ಅದು ಹೊರಹೋಯಿತು. ಎರಡು ವಾರಕ್ಕೊಮ್ಮೆ ಮೂರನೆಯ ಒಂದು ಭಾಗ ಕೀಳಿ, ಹಿಂಡಿ, ತಕ್ಕಡಿಗೆ ಹಾಕಿ, ತೂಕವನ್ನು ಬರೆದಿಡಿ. ತೂಕ ಇಳಿಯುತ್ತ ಬಂದರೆ ಒಂದೋ ಬೆಳಕು ಸಾಲದು, ಇಲ್ಲವೇ ಕಬ್ಬಿಣದಂಥ ಸೂಕ್ಷ್ಮ ಅಂಶ ಮುಗಿದಿದೆ, ಅಥವಾ ನೈಟ್ರೇಟೇ ಉಳಿದಿಲ್ಲ. ಮೂರನೆಯದನ್ನು ಕಂಡು ಹಿಗ್ಗಬೇಡಿ. ನೈಟ್ರೇಟ್, ಫಾಸ್ಫೇಟ್ ಪೂರ್ತಿ ಸೊನ್ನೆಯಾದರೆ ಹವಳ ಬಿಳಿಚಿಕೊಳ್ಳುತ್ತದೆ, ಕಂದು ಲೋಳೆಯಂಥ ಡೈನೋಫ್ಲಾಜೆಲೇಟ್‌ಗಳು ಮರಳನ್ನು ಆವರಿಸುತ್ತವೆ. ನೈಟ್ರೇಟ್ ಲೀಟರಿಗೆ ಐದರಿಂದ ಹತ್ತು ಮಿಲಿಗ್ರಾಂ ಇದ್ದರೆ ನಾನು ಅದನ್ನು ಮುಟ್ಟಲು ಹೋಗುವುದಿಲ್ಲ.

ಪಾಚಿಯಲ್ಲಿ ನನ್ನ ಆಯ್ಕೆ ಕೀಟೋಮಾರ್ಫಾ. ಮೀನಿನ ಬಲೆಯ ಹಸಿರು ನೂಲನ್ನು ಸುರುಳಿ ಸುತ್ತಿಟ್ಟಂತೆ ಕಾಣುವ ಇದು ಎಲ್ಲಿಗೂ ಬೇರು ಬಿಡುವುದಿಲ್ಲ, ಕೈಹಾಕಿ ಎತ್ತಿದರೆ ಬರುತ್ತದೆ. ಕಾಲರ್ಪಾ ನೋಡಲು ಚೆಂದ. ಆದರೆ ಅದು ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಸಂತಾನಕಣಗಳನ್ನು ಬಿಟ್ಟು ತಾನು ಸತ್ತು, ತೊಟ್ಟಿಯ ನೀರನ್ನೆಲ್ಲ ಹಾಲಿನಂತೆ ಮಾಡಿ, ಹೀರಿದ್ದೆಲ್ಲವನ್ನೂ ಹಿಂದಕ್ಕೆ ಕೊಡುತ್ತದೆ. ಕುಮಟಾದ ಮಿತ್ರರೊಬ್ಬರು ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಟ್ಟರೆ ಹೇಗೆಂದು ಕೇಳಿದ್ದರು. ನೆಡಬಹುದು, ನೋಡಲು ಸೊಗಸು. ಆದರೆ ಅದು ಎಷ್ಟು ನಿಧಾನವಾಗಿ ಬೆಳೆಯುತ್ತದೆಂದರೆ, ನೈಟ್ರೇಟ್ ಇಳಿಸುವ ಕೆಲಸಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಲಾಗದು. ರೆಫ್ಯೂಜಿಯಂಗೆ ಕಲ್ಲು ಬೇಕೆಂದು ನೇತ್ರಾಣಿಯಿಂದಲೋ ಬೇರೆ ದ್ವೀಪದಿಂದಲೋ ಹವಳದ ಚೂರು ತರುವ ಮಾತನ್ನಂತೂ ಯಾರೂ ಆಡಕೂಡದು. ಬಂಡೆಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸುಟ್ಟ ಮಣ್ಣಿನ ರಂಧ್ರಮಯ ತುಂಡುಗಳು ಅದೇ ಕೆಲಸ ಮಾಡುತ್ತವೆ.

ರೆಫ್ಯೂಜಿಯಂನಲ್ಲಿ ನೀರು ನಿಧಾನವಾಗಿ ಹರಿಯಬೇಕೆಂಬ ಹಳೆಯ ಮಾತನ್ನು ನಾನು ಒಪ್ಪುವುದಿಲ್ಲ. ನಿಂತ ನೀರಿನಲ್ಲಿ ಪಾಚಿಯ ಮೈಗೆ ಅಂಟಿದ ತೆಳು ಪದರದ ಪೋಷಕಾಂಶ ಬೇಗ ತೀರುತ್ತದೆ, ಹೊಸದು ಬಂದು ತಾಗುವುದಿಲ್ಲ. ನಡುವೆ ಕಸ ಕೂತು ಒಳಗಿನ ಎಳೆಗಳು ಕೊಳೆಯುತ್ತವೆ. ಪಾಚಿಯ ಉಂಡೆ ಮೆಲ್ಲಗೆ ಉರುಳುವಷ್ಟು ಹರಿವು ಬೇಕು. ದೀಪವನ್ನು ಮಾತ್ರ ಮೇಲಿನ ತೊಟ್ಟಿಯ ದೀಪ ಆರಿದ ಮೇಲೆ ಹೊತ್ತಿಸಬೇಕು. ರಾತ್ರಿ ಎಲ್ಲ ಜೀವಿಗಳೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯುವ ಹೊತ್ತಿನಲ್ಲಿ ಈ ಪಾಚಿ ಅದನ್ನು ಹೀರಿ ಇಳಿತವನ್ನು ತಗ್ಗಿಸುತ್ತದೆ. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಇದರ ಉಪಯೋಗ ಎದ್ದು ಕಾಣುತ್ತದೆ. ದೀಪದ ಬೆಳಕು ಪಕ್ಕದ ಕೋಣೆಗಳಿಗೆ ಸೋರದಂತೆ ಕಪ್ಪು ಹಾಳೆ ಅಂಟಿಸಿ, ಇಲ್ಲದಿದ್ದರೆ ಪಂಪಿನ ಮೈಮೇಲೂ ಪಾಚಿ ಬೆಳೆಯುತ್ತದೆ.

ಶಾಖದ ಬಗ್ಗೆ ಎರಡು ಮಾತು. ನೀರಿನ ಮೇಲೆ ಫ್ಯಾನ್ ಬೀಸಿ ತಂಪು ಮಾಡುವ ಉಪಾಯ ಒಣ ಹವೆಯ ಊರುಗಳದ್ದು. ಕರಾವಳಿಯ ಗಾಳಿ ಮೇ ತಿಂಗಳಲ್ಲೇ ತೇವದಿಂದ ಭಾರವಾಗಿರುತ್ತದೆ, ಮಳೆಗಾಲದಲ್ಲಿ ಕೇಳುವುದೇ ಬೇಡ. ಫ್ಯಾನು ಚೆನ್ನಾಗಿ ಕೆಲಸ ಮಾಡುವ ಡಿಸೆಂಬರಿನಲ್ಲಿ ಅದರ ಅಗತ್ಯವಿರುವುದಿಲ್ಲ. ಆದ್ದರಿಂದ ನೀರು ತಂಪಾಗಿಸುವ ಯಂತ್ರ, ಚಿಲ್ಲರ್ ಬೇಕು, ಅದನ್ನು ಸ್ಟ್ಯಾಂಡಿನ ಹೊರಗಿಡಬೇಕು. ಘಟ್ಟ ಹತ್ತಿ ಶಿರಸಿಗೆ ಹೋದರೆ ಚಳಿಗಾಲದ ರಾತ್ರಿಗೆ ಹೀಟರೂ ಬೇಕಾಗುತ್ತದೆ. ಅದನ್ನು ಮಟ್ಟ ಇಳಿಯದ ಸ್ಕಿಮ್ಮರ್ ಕೋಣೆಯಲ್ಲಿಡಿ, ರಿಟರ್ನ್ ಕೋಣೆಯಲ್ಲಿ ಬೇಡ. ಇನ್ವರ್ಟರಿಗೆ ಕೊಡಬೇಕಾದದ್ದು ರಿಟರ್ನ್ ಪಂಪನ್ನಲ್ಲ, ಮೇಲಿನ ತೊಟ್ಟಿಯೊಳಗೆ ನೀರು ತಿರುಗಿಸುವ ಕಡಿಮೆ ವ್ಯಾಟಿನ ಪಂಪನ್ನು. ಕರೆಂಟಿಲ್ಲದ ರಾತ್ರಿ ಮೀನು ಸಾಯುವುದು ಆಮ್ಲಜನಕ ಸಾಲದೆ, ಮೇಲ್ಮೈ ಕದಡುತ್ತಿದ್ದರೆ ಅವು ಬೆಳಗನ್ನು ಕಾಣುತ್ತವೆ. ಎಲ್ಲ ಉಪಕರಣಗಳಿಗೂ, ವಿದ್ಯುತ್ ಸೋರಿದೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ.

ಕೊಳವೆ ಜೋಡಿಸಿ ಮುಗಿದ ಮೇಲೆ ಮೊದಲು ಸಿಹಿನೀರನ್ನೇ ತುಂಬಿಸಿ. ಪಂಪ್ ಓಡುವಾಗ ರಿಟರ್ನ್ ಕೋಣೆಯ ಮಟ್ಟಕ್ಕೆ ಗಾಜಿನ ಹೊರಗೆ ಒಂದು ಗೆರೆ ಎಳೆಯಿರಿ. ಸ್ವಿಚ್ ಆರಿಸಿ, ನೀರೆಲ್ಲ ಇಳಿದು ನಿಂತ ಮೇಲೆ ಇನ್ನೊಂದು ಗೆರೆ. ಹತ್ತು ಸಲ ಆರಿಸಿ, ಹತ್ತು ಸಲ ಹೊತ್ತಿಸಿ. ಪ್ರತಿ ಸಲವೂ ಸೈಫನ್ ತಾನಾಗಿ ಹಿಡಿಯುತ್ತದೆಯೇ, ನೀರು ಎರಡನೆಯ ಗೆರೆಯನ್ನು ಮೀರುತ್ತದೆಯೇ ನೋಡಿ. ಆಮೇಲೆ ಮೊದಲ ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಉಳಿದೆರಡು ಭಾರ ಹೊರುತ್ತವೆಯೇ ಗಮನಿಸಿ. ಮೂರಕ್ಕೂ ತುರುಕಿ, ರಿಟರ್ನ್ ಕೋಣೆ ಬರಿದಾಗುವವರೆಗೆ ಮೇಲಿನ ತೊಟ್ಟಿಯ ಅಂಚಿನ ಬಳಿ ನಿಂತುಕೊಳ್ಳಿ. ಇದನ್ನು ಮನೆಯವರ ಕೈಯಲ್ಲೇ ಮಾಡಿಸಿದ ಮೇಲಷ್ಟೇ ನಾನು ಉಪ್ಪಿನ ಚೀಲ ಬಿಚ್ಚುತ್ತೇನೆ.