ಸಾಲದ ಮಿತಿ ಬೇರೆ, ಶಟ್‌ಡೌನ್ ಬೇರೆ

‘ಅಮೆರಿಕದಲ್ಲಿ ಶಟ್‌ಡೌನ್, ಹಿರಿಯರ ಪಿಂಚಣಿಗೆ ಕುತ್ತು’ ಎಂಬ ತಲೆಬರಹ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಶಟ್‌ಡೌನ್ ಅಂದರೆ ವರ್ಷದ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ ಸರ್ಕಾರದ ಕಚೇರಿಗಳು ಮುಚ್ಚುವುದು. ಅದರಿಂದ ಪಿಂಚಣಿ ನಿಲ್ಲುವುದಿಲ್ಲ. 2025ರಲ್ಲಿ 43 ದಿನ ಸರ್ಕಾರದ ಕಚೇರಿಗಳು ಮುಚ್ಚಿದಾಗಲೂ ಸೋಷಿಯಲ್ ಸೆಕ್ಯೂರಿಟಿ (ಈ ಸರ್ಕಾರಿ ಪಿಂಚಣಿಯ ಹೆಸರು ಅದೇ) ಹಣ ಖಾತೆಗೆ ಬರುತ್ತಲೇ ಇತ್ತು. ಅದಕ್ಕೆ ವರ್ಷ ವರ್ಷ ಸಂಸತ್ತಿನ ಹೊಸ ಒಪ್ಪಿಗೆ ಬೇಕಿಲ್ಲ.

ಪಿಂಚಣಿಗೆ ನಿಜವಾದ ಭಯ ಇರುವುದು ಸಾಲದ ಮಿತಿಯ ಜಗಳದಲ್ಲಿ. ಸರ್ಕಾರ ಒಟ್ಟು ಎಷ್ಟು ಸಾಲ ಇಟ್ಟುಕೊಳ್ಳಬಹುದು ಎಂಬುದಕ್ಕೆ ಕಾನೂನಿನ ಮಿತಿ ಇದೆ. ಅದು ಮುಟ್ಟಿದ ಮೇಲೆ, ಸಂಸತ್ತು ಈಗಾಗಲೇ ಒಪ್ಪಿದ ಖರ್ಚಿಗೂ ಸಾಲ ಎತ್ತಲು ಖಜಾನೆಗೆ ಅವಕಾಶ ಇಲ್ಲದಂತಾಗುವುದೇ ಈ ಜಗಳ. 2013ರ ಅಕ್ಟೋಬರಿನಲ್ಲಿ ಎರಡೂ ಒಟ್ಟಿಗೇ ಬಂದವು. ಅಲ್ಲಿಂದ ಗೊಂದಲ ಇನ್ನೂ ಗಟ್ಟಿಯಾಯಿತು ಅಂತ ನನ್ನ ಗುಮಾನಿ.

ಇನ್ನು ‘ಪಿಂಚಣಿಗೆ ಅಂತಲೇ ಟ್ರಸ್ಟ್ ಫಂಡ್ ಇದೆಯಲ್ವಾ, ಭಯ ಯಾಕೆ?’ ಎನ್ನುವವರು. ಫಂಡ್ ಇದೆ, ಆದರೆ ಅದರಲ್ಲಿ ನೋಟಿನ ಕಟ್ಟುಗಳಿಲ್ಲ. ಸಂಬಳದಿಂದ ನೌಕರ 6.2%, ಮಾಲೀಕ 6.2% ಕಟ್ಟುತ್ತಾರೆ. ಪಿಂಚಣಿ ಕೊಟ್ಟು ಉಳಿದದ್ದನ್ನು ಸರ್ಕಾರದ ಬಾಂಡಿನಲ್ಲೇ (ಸಾಲಪತ್ರದಲ್ಲೇ) ಹಾಕಬೇಕು ಅನ್ನುತ್ತದೆ ಕಾನೂನು. ಆ ಬಾಂಡುಗಳೂ ಸಾಲದ ಮಿತಿಯ ಲೆಕ್ಕದೊಳಗೇ ಬರುತ್ತವೆ.

ಇಲ್ಲೊಂದು ಚಂದದ ತಿರುವಿದೆ. ಪಿಂಚಣಿಗಾಗಿ ಫಂಡಿನ ಒಂದು ಬಾಂಡ್ ಮುರಿದರೆ ಸಾಲದ ಲೆಕ್ಕ ಅಷ್ಟು ಕಡಿಮೆಯಾಗುತ್ತದೆ. ಖಾಲಿಯಾದ ಅಷ್ಟೇ ಜಾಗದಲ್ಲಿ ಹೊರಗಿನವರಿಗೆ ಹೊಸ ಬಾಂಡ್ ಮಾರಿ ಹಣ ತರಬಹುದು. ಅಂದರೆ, ಮಿತಿ ಮುಟ್ಟಿದ ಮೇಲೂ ಪಿಂಚಣಿ ಕೊಡಲು ದಾರಿ ಇದೆ. ಆದರೆ ಅದು ಕಾಗದದ ಮೇಲಿನ ದಾರಿ. ಬೇರೆ ಬಿಲ್ಲುಗಳನ್ನೆಲ್ಲ ತಡೆದು ಇದೊಂದನ್ನೇ ಪಾವತಿಸುವ ಕೆಲಸವನ್ನು ಖಜಾನೆ ಇದುವರೆಗೆ ಮಾಡಿ ನೋಡಿಲ್ಲ. ಆಗಸ್ಟ್ 3ರ ಪಿಂಚಣಿ ಚೆಕ್ಕುಗಳಿಗೆ ಖಾತರಿ ಕೊಡಲಾರೆ ಎಂದು 2011ರ ಜುಲೈನಲ್ಲಿ, ಇಂಥದೇ ಜಗಳದ ನಡುವೆ, ಅಧ್ಯಕ್ಷ ಒಬಾಮ ಹೇಳಿದ್ದು ಸುಮ್ನೆ ಬೆದರಿಕೆಯೂ ಅಲ್ಲ, ಪೂರಾ ಸತ್ಯವೂ ಅಲ್ಲ.

ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಈ ದಾರಿ ಅರ್ಧಂಬರ್ಧ. ಆಸ್ಪತ್ರೆ ಖರ್ಚಿನ ಭಾಗ ಸಂಬಳದ ತೆರಿಗೆಯಿಂದ ತುಂಬುವ ಫಂಡಿನಿಂದ ನಡೆಯುತ್ತದೆ. ಡಾಕ್ಟರ್ ಮತ್ತು ಔಷಧದ ಭಾಗಕ್ಕೆ ಹೆಚ್ಚಿನ ಹಣ ಬರುವುದು ಸಾಮಾನ್ಯ ಖಜಾನೆಯಿಂದ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗಂತೂ ಇಂಥ ಫಂಡೇ ಇಲ್ಲ.

1985ರ ಜಗಳದಲ್ಲಿ ಖಜಾನೆ ಸೋಷಿಯಲ್ ಸೆಕ್ಯೂರಿಟಿ ಫಂಡಿಗೇ ಕೈ ಹಾಕಿತ್ತು. ಮಿತಿಯಿಂದ ತಪ್ಪಿಸಿಕೊಳ್ಳಲು ಈ ಫಂಡುಗಳ ಬಾಂಡ್ ಮುರಿಯುವಂತಿಲ್ಲ, ಪಿಂಚಣಿ ಮತ್ತು ಚಿಕಿತ್ಸೆಯ ಹಣ ಕೊಡಲು, ಆ ಯೋಜನೆಗಳ ಆಡಳಿತದ ಖರ್ಚಿಗೆ ಮಾತ್ರ ಮುರಿಯಬಹುದು ಎಂದು 1996ರಲ್ಲಿ ಕಾನೂನು ಬಂತು. ಪಿಂಚಣಿಗೆ ‘ರಕ್ಷಣೆ’ ಇದೆ ಅನ್ನುತ್ತಾರಲ್ಲ, ಕಾನೂನಿನಲ್ಲಿ ಅದರ ಅರ್ಥ ಇದು.

ರಾಜಕಾರಣಿಗಳ ಬಾಯಲ್ಲಿ ‘ರಕ್ಷಣೆ’ಗೆ ಬೇರೆ ಅರ್ಥ: ಮಿತಿ ಏರಿಸುವ ಚೌಕಾಸಿಯಲ್ಲಿ ಇವನ್ನು ಕಡಿತ ಮಾಡುವುದಿಲ್ಲ ಅಂತ. 2011ರ ಒಪ್ಪಂದದಲ್ಲಿ ಸೋಷಿಯಲ್ ಸೆಕ್ಯೂರಿಟಿ ತಪ್ಪಿಸಿಕೊಂಡಿತು. ಮೆಡಿಕೇರ್‌ನಲ್ಲಿ ಆಸ್ಪತ್ರೆ, ಡಾಕ್ಟರುಗಳಿಗೆ ಕೊಡುವ ಹಣಕ್ಕೆ 2%ವರೆಗೆ ಕತ್ತರಿ ಬಿತ್ತು. 2023ರ ಒಪ್ಪಂದದಲ್ಲಿ ಅಧ್ಯಕ್ಷ ಬೈಡನ್, ಆಗಿನ ಕೆಳಮನೆಯ ಸ್ಪೀಕರ್ ಮೆಕಾರ್ಥಿ ಇಬ್ಬರೂ ಎರಡನ್ನೂ ಮುಟ್ಟಲಿಲ್ಲ. ಬದಲಿಗೆ, ಮಕ್ಕಳಿಲ್ಲದ ಬಡವರು ಆಹಾರ ನೆರವು ಪಡೆಯಲು ಕೆಲಸ ತೋರಿಸಲೇಬೇಕಾದ ಗರಿಷ್ಠ ವಯಸ್ಸು 49ರಿಂದ 54ಕ್ಕೆ ಏರಿತು.